ನೇಗಿಲು ಬಿಟ್ಟ ಜಾಗದ ಮೇಲೆ ರೈಲು

ನಾನು ಹೊಲ ಅಳೆಯುವವನು. ಕಾಗದದ ಮೇಲೆ ಭೂಮಾಪಕ, ಜನರ ಬಾಯಲ್ಲಿ ಸರ್ವೇದವ. ವಾರವಿಡೀ ಬೇರೆಯವರ ಬದುವಿನ ಜಗಳದ ನಡುವೆ ನಿಂತು, ಎರಡೂ ಕಡೆಯಿಂದ ಬೈಸಿಕೊಂಡು ಮನೆಗೆ ಬರುತ್ತೇನೆ. ಗೆರೆ ಅಣ್ಣನ ಕಡೆ ಒಂದು ಮೊಳ ಸರಿದರೆ ಅಣ್ಣನಿಗೆ ನಾನು ಕಳ್ಳ, ತಮ್ಮನ ಕಡೆ ಸರಿದರೆ ತಮ್ಮನಿಗೆ. ಅದಕ್ಕೇ ಇರಬೇಕು, ಭಾನುವಾರ ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕೂತು ರೈಲು ಹಳಿ ಹಾಕುವ ಆಟ ಆಡುವಾಗ ಸಿಗುವ ನೆಮ್ಮದಿ ನನಗೆ ಮತ್ತೆಲ್ಲೂ ಸಿಗುತ್ತಿರಲಿಲ್ಲ. ಅಲ್ಲಿ ನಾನು ಗೆರೆ ಎಳೆದರೆ ಯಾರೂ ತಕರಾರು ಅರ್ಜಿ ಕೊಡುವುದಿಲ್ಲ.

ಆಟ ಇಷ್ಟೇ. ಒಂದು ಬಯಲು, ಅದರ ಮೇಲೆ ಅಲ್ಲಲ್ಲಿ ಊರು, ಗಣಿ, ಕಾರ್ಖಾನೆ. ಎಲ್ಲಿಂದ ಎಲ್ಲಿಗೆ ಹಳಿ, ಎಲ್ಲಿ ಸ್ಟೇಷನ್, ಎಲ್ಲಿ ಸಿಗ್ನಲ್, ಯಾವ ರೈಲಿಗೆ ಎಷ್ಟು ಡಬ್ಬಿ ಎಂಬುದನ್ನೆಲ್ಲ ನಾವೇ ಗೊತ್ತುಮಾಡಬೇಕು. ರೈಲು ಹೊತ್ತಿಗೆ ಸರಿಯಾಗಿ ಓಡಿದರೆ ಊರು ಬೆಳೆಯುತ್ತದೆ. ಸಿಗ್ನಲ್ ತಪ್ಪಿದರೆ ಎರಡು ರೈಲು ಎದುರುಬದುರು ನಿಂತು ಅಲ್ಲಾಡುವುದಿಲ್ಲ. ನಕ್ಷೆಯನ್ನೂ ನಾವೇ ಮಾಡಿಕೊಳ್ಳಬಹುದು. ನಕ್ಷೆ ಎಂದರೆ ನನ್ನ ಕಸುಬು, ಬಿಟ್ಟೇನೆಯೇ? ತಿಂಗಳುಗಟ್ಟಲೆ ಕೂತು ನಮ್ಮ ಸೀಮೆಯನ್ನೇ ಮಾಡಿದೆ. ಮೇಲೆ ಆಳಂದ, ಅದರ ಹತ್ತಿರ ಕಿಣ್ಣಿ ಸುಲ್ತಾನ, ಕೆಳಗೆ ಅಫಜಲಪುರ, ಭೀಮೆ ದಾಟಿದರೆ ಜೇವರ್ಗಿ, ಮೂಲೆಯಲ್ಲಿ ಯಡ್ರಾಮಿ. ಈ ಊರುಗಳಲ್ಲಿ ಒಂದರೊಳಗೂ ರೈಲು ಬರುವುದಿಲ್ಲ. ನಾವು ರೈಲು ಹತ್ತಬೇಕೆಂದರೆ ಮೊದಲು ಬಸ್ಸು ಹತ್ತಬೇಕು. ಅಫಜಲಪುರದ ಬಾಡಿಗೆ ಮನೆಯ ಪಡಸಾಲೆಯಲ್ಲಿ ಕೂತು ನಾನು ಎಲ್ಲಕ್ಕೂ ರೈಲು ಕೊಟ್ಟೆ. ಆಟದವರು ಕಲ್ಲಿದ್ದಲು ಎಂದು ಬರೆದದ್ದನ್ನು ತೊಗರಿ ಎಂದು ತಿಳಿದುಕೊಂಡು ಆಳಂದದಿಂದ ಜೇವರ್ಗಿಗೆ ಸಾಗಿಸಿದೆ.

ಹೆಂಡತಿ ಚಹಾ ತಂದಿಟ್ಟು ಪರದೆಯನ್ನು ನೋಡಿ, "ಇಡೀ ಸೀಮಿಗಿ ರೈಲ ತಂದ್ರಿ. ಒಂದ ಸಲ ನನ್ನ ತವರಮನಿಗಿ ಬಸ್ಸಿನ್ಯಾಗರ ಕರಕೊಂಡ ಹೋಗ್ರಿ," ಎನ್ನುತ್ತಿದ್ದಳು. ನಾನು ಹೂಂಗುಟ್ಟಿ ಭೀಮೆಯ ಮೇಲಿನ ಸೇತುವೆಗೆ ಇನ್ನೊಂದು ಕಂಬ ಹಾಕುತ್ತಿದ್ದೆ.

ಆ ಆಟ ನನಗೆ ಕಲಿಸಿದ್ದು ಒಂದೇ ಪಾಠ: ಹಳಿ ನೆಟ್ಟಗಿರಬೇಕು. ತಿರುವು ಬಂದರೆ ರೈಲಿನ ವೇಗ ಇಳಿಯುತ್ತದೆ, ಹಿಂದಿನದು ಕಾಯುತ್ತದೆ, ಅದರ ಹಿಂದಿನದೂ ಕಾಯುತ್ತದೆ. ಅಡ್ಡ ಏನಾದರೂ ಬಂದರೆ ಕೆಡವಲು ಮೂಲೆಯಲ್ಲಿ ಪುಟ್ಟ ಬುಲ್ಡೋಜರಿನ ಚಿತ್ರವಿದೆ. ಒತ್ತಿದರೆ ಮನೆಯೋ ಮರವೋ ಒಂದು ಸಪ್ಪಳ ಮಾಡಿ ಇಲ್ಲವಾಗುತ್ತದೆ. ಮೊದಮೊದಲು ಮರ ಕೆಡವಲು ಕೈ ಹಿಂದೆಮುಂದೆ ನೋಡುತ್ತಿತ್ತು. ಆಮೇಲೆ ರೂಢಿಯಾಯಿತು. ಗೆರೆ ಮೊದಲು, ಅದರ ಕೆಳಗೆ ಏನಿದೆ ಎಂಬುದು ಆಮೇಲೆ. ಇದನ್ನು ನಾನು ಹೊಲಕ್ಕೂ ಹೊತ್ತುಕೊಂಡು ಹೋದೆ ಅನ್ನುವುದು ಆಗ ನನಗೆ ತಿಳಿಯಲಿಲ್ಲ.

ಆ ವರ್ಷ ತೊಗರಿ ರಾಶಿ ಮುಗಿದ ಮೇಲೆ, ಒಂದು ಊರಿನ ಹೊರಗೆ ಹಾಯುವ ಹೊಸ ರಸ್ತೆಗೆ ಹೋಗುವ ಹೊಲಗಳ ಅಳತೆ ನನ್ನ ಪಾಲಿಗೆ ಬಂತು. ರಸ್ತೆ ಎಲ್ಲಿ ಹಾಯಬೇಕೆಂದು ಹೇಳುವವನು ನಾನಲ್ಲ. ಯಾರ ಹೊಲ ಎಷ್ಟು ಹೋಗುತ್ತದೆ, ಅದರಲ್ಲಿ ಬಾವಿ, ಗಿಡ, ಪೈಪು, ಕೊಟ್ಟಿಗೆ ಏನೇನಿದೆ ಎಂದು ನೋಡಿ ಬರೆಯುವವನು. ಅಲ್ಲೊಂದು ಹೊಲ, ಮಕ್ಕಳಿಲ್ಲದ ವಿಧವೆಯೊಬ್ಬಳದು. ಎಪ್ಪತ್ತು ದಾಟಿದ ಆ ಆಯಿ ಹೊಲವನ್ನು ಪಾಲಿಗೆ ಹಾಕಿ, ಬಾವಿಯ ಹತ್ತಿರದ ಗುಡಿಸಲಲ್ಲಿ ಇರುತ್ತಿದ್ದಳು. ಎರೆಮಣ್ಣಿನ ಹೊಲ, ಆಗಲೇ ಹರಗಿದ್ದರು, ಕಾಲಿಟ್ಟರೆ ಹೂತುಹೋಗುತ್ತಿತ್ತು. ಅಳತೆಯ ಮಿಷನ್ ನಿಲ್ಲಿಸಲು ಗಟ್ಟಿ ನೆಲ ಹುಡುಕಿದೆ. ಬದುವಿನಿಂದ ಸ್ವಲ್ಪ ಒಳಗೆ ಹಾಸಿಗೆಯಷ್ಟು ಅಗಲದ ಒಂದು ಜಾಗ ಗರಿಕೆ ಬೆಳೆದು ಗಟ್ಟಿಯಾಗಿತ್ತು. ಸಿಕ್ಕಿತಲ್ಲ ಎಂದು ಖುಷಿಪಟ್ಟೆ. ಸ್ಟ್ಯಾಂಡಿನ ಮೂರು ಕಾಲುಗಳ ಚೂಪು ತುದಿಯನ್ನು ಒಂದೊಂದಾಗಿ ಬೂಟುಗಾಲಲ್ಲಿ ತುಳಿದು ನೆಲಕ್ಕಿಳಿಸಿ, ಮಿಷನ್ ಕೂರಿಸಿ, ಅರ್ಧ ದಿನ ಅಲ್ಲೇ ನಿಂತು ಅಳೆದೆ. ಆಯಿ ದೂರದಲ್ಲಿ ನಿಂತು ನೋಡುತ್ತಿದ್ದಳು. ನಾನು ಆಕೆಯನ್ನು ಏನೂ ಕೇಳಲಿಲ್ಲ. ರಸ್ತೆಗೆ ಹೋಗುವ ಆ ಭಾಗದ ಎದುರು, ಪಟ್ಟಿಯ ಷರಾ ಕಾಲಂನಲ್ಲಿ "ಏನೂ ಇರುವುದಿಲ್ಲ" ಎಂದು ಬರೆದು ಸಹಿ ಹಾಕಿದೆ.

ಅದಾಗಿ ಕೆಲವು ತಿಂಗಳ ಮೇಲಿನ ಒಂದು ಭಾನುವಾರ. ಆಳಂದ ಮತ್ತು ಅಫಜಲಪುರದ ನಡುವೆ ಒಂದು ಡೊಂಕು ಉಳಿದಿತ್ತು. ಅದನ್ನು ತೆಗೆದು ಹಳಿ ನೆಟ್ಟಗೆ ಮಾಡುತ್ತಿದ್ದೆ. ಅವ್ವ ಪಕ್ಕದ ಮಂಚದ ಮೇಲೆ ಕೂತು ದೀಪದ ಬತ್ತಿ ಹೊಸೆಯುತ್ತಿದ್ದಳು. ಆಕೆಗೆ ಓದು ಬಾರದು. ಆದರೆ ಪರದೆಯ ಮೇಲೆ ಕುಡಗೋಲಿನ ಹಾಗೆ ಬಾಗಿದ್ದ ಹಳ್ಳವನ್ನು ನೋಡಿ ಆಕೆಯ ಕೈ ನಿಂತಿತು.

"ಅದು ನಮ್ಮ ಹಳ್ಳ ಅಲ್ಲೇನೋ?"

ಹೌದು ಎಂದೆ. ನನ್ನ ಹುಟ್ಟೂರಿನ ಹಳ್ಳವನ್ನು ಇದ್ದದ್ದು ಇದ್ದ ಹಾಗೆಯೇ ಮಾಡಿದ್ದೆನೆಂದು ಒಳಗೊಳಗೆ ಬೀಗಿದೆ.

"ಹಂಗಾರ ಇದು ನಮ್ಮ ಹೊಲ." ಅವ್ವ ಎದ್ದು ಬಂದು ಎಣ್ಣೆಗೈಯನ್ನು ಪರದೆಗೆ ಒತ್ತಿದಳು. "ಇಲ್ಲಿ ನಿಮ್ಮಪ್ಪ ಅದಾನ. ಅವನ ಮ್ಯಾಲೇ ಹಾಕಿದೆಲ್ಲೋ ರೈಲ."

"ಇದು ಆಟ ಯವ್ವಾ."

"ಆಟಾನ ಇರ್ಲಿ. ಎತ್ತಿಗಿ ಗೊತ್ತಾಗ್ತದ, ಅಲ್ಲಿಗಿ ಬಂದ್ರ ತಾವ ಹೊಳ್ಳತಾವ. ನೇಗಿಲ ಹೊಳ್ಳತದ, ನಿನ್ನ ರೈಲ ಹೊಳ್ಳಂಗಿಲ್ಲೇನು?"

ನಮ್ಮವರಲ್ಲಿ ಸುಡುವುದಿಲ್ಲ. ಅಂಗೈಯಲ್ಲಿ ಲಿಂಗ ಕೊಟ್ಟು, ಕೂಡಿಸಿ, ಸ್ವಂತ ಹೊಲದಲ್ಲೇ ಮಣ್ಣು ಮಾಡುತ್ತಾರೆ. ದುಡ್ಡಿದ್ದವರು ಕಲ್ಲಿನ ಕಟ್ಟೆ ಕಟ್ಟಿಸುತ್ತಾರೆ, ಇಲ್ಲದವರು ಏನೂ ಕಟ್ಟಿಸುವುದಿಲ್ಲ. ಬಿತ್ತುವಾಗ, ಹರಗುವಾಗ ಆ ಒಂದು ಜಾಗವನ್ನು ಬಿಟ್ಟು ಸುತ್ತಿ ಹೋಗುತ್ತಾರೆ, ಅಷ್ಟೇ. ಅಪ್ಪನದೂ ಹಾಗೆಯೇ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅಪ್ಪನನ್ನು ಸುತ್ತಿ ನಾನೇ ನೇಗಿಲು ಹೊಡೆದಿದ್ದೇನೆ.

ಅವ್ವನ ಮಾತು ಕಟ್ಟಿಕೊಂಡು ಹಳಿಯನ್ನು ಸುತ್ತು ಹಾಕಿಸಿದೆ. ಹಳಿ ಆ ಕಡೆ ಬಾಗಿ ಹೋಯಿತು. ನಡುವೆ ಒಂದು ಹಸಿರು ಚೌಕ ಮಾತ್ರ ಉಳಿಯಿತು. ಸುತ್ತೆಲ್ಲ ಕೆದರಿದ ನೆಲ, ನಡುವೆ ಹುಲ್ಲಿನ ಒಂದು ತುಂಡು. ಅದನ್ನು ನೋಡಿದ ಕೂಡಲೇ ಮೌಸಿನಿಂದ ಕೈ ತೆಗೆದೆ. ಆ ತುಂಡನ್ನು ನಾನು ಬೇರೆಲ್ಲೋ ನೋಡಿದ್ದೆ. ಅದರ ಮೇಲೆ ಅರ್ಧ ದಿನ ನಿಂತಿದ್ದೆ.

"ಯಾಕ, ಏನಾತು?" ಎಂದು ಅವ್ವ ಕೇಳಿದಳು. ಹೇಳಿದೆ. ಅವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹೋಗಿ ಬಾ," ಎಂದಷ್ಟೇ ಅಂದು ಬತ್ತಿ ಹೊಸೆಯಲು ಕೂತಳು.

ಗಾಡಿ ತೆಗೆದುಕೊಂಡು ಆಗಲೇ ಹೊರಟೆ. ದಾರಿಯುದ್ದಕ್ಕೂ ಅದು ಹಾಗಿರಲಿಕ್ಕಿಲ್ಲ, ಬರಿಯ ಹುಲ್ಲು ಬೆಳೆದ ಜಾಗವಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಹೊಲದಲ್ಲಿ ನಾವು ನೆಟ್ಟ ಗುರುತಿನ ಕಲ್ಲುಗಳಿದ್ದವು. ಆಯಿ ಬಾವಿಯ ಕಟ್ಟೆಯ ಮೇಲೆ ಕೂತಿದ್ದಳು. ನನ್ನ ಗುರುತು ಹಿಡಿದು ಎದ್ದಳು.

"ಆಯಿ, ಆ ಹುಲ್ಲಿನ ಜಾಗ ಯಾಕ ಬಿಟ್ಟೀರಿ?"

"ನಮ್ಮ ಯಜಮಾನ್ರು ಅದಾರಲ್ರಿ ಅಲ್ಲಿ."

ನನಗೆ ಸಿಟ್ಟು ಬಂತು. ತಪ್ಪು ಮಾಡಿದವನಿಗೆ ಮೊದಲು ಬರುವುದು ಸಿಟ್ಟೇ. "ಅವತ್ತು ಯಾಕ ಹೇಳಲಿಲ್ಲ? ನಾ ಅದರ ಮ್ಯಾಲೇ ನಿಂತಿದ್ದೆ. ಒಂದ ಮಾತ ಹೇಳಬೇಕಿಲ್ಲೇನು?"

ಆಯಿ ನನ್ನ ಮುಖವನ್ನೇ ನೋಡಿದಳು. "ನೀವು ಹಣಿ ತುಂಬ ವಿಭೂತಿ ಹಚ್ಚಿದ್ರಿ, ಸಾಹೇಬ್ರ. ನಮ್ಮವರ ಅದಾರ, ಇವರಿಗಿ ಗೊತ್ತಿಲ್ಲದ ಇರ್ತದೇನು ಅನ್ಕೊಂಡೆ. ಗೊತ್ತಿದ್ದೂ ನಿಂತಾರ ಅಂದ್ರ ಸರ್ಕಾರದ ಕೆಲಸ ಹಂಗ ಇರಬೇಕು ಅನ್ಕೊಂಡೆ."

ಅಷ್ಟು ನಾಚಿಕೆ ನನಗೆ ಬದುಕಿನಲ್ಲಿ ಯಾವತ್ತೂ ಆಗಿರಲಿಲ್ಲ. ಬದುವಿನ ಜಗಳದ ಅಣ್ಣತಮ್ಮಂದಿರು ಬೀದಿಯಲ್ಲಿ ನಿಲ್ಲಿಸಿ ಬೈದ ದಿನವೂ ಆಗಿರಲಿಲ್ಲ. ಕೂಡಿಸಿ ಮಣ್ಣು ಮಾಡಿದವರ ತಲೆ ಮೇಲುಗಡೆಗೆ ಹತ್ತಿರವಿರುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಸ್ಟ್ಯಾಂಡಿನ ಕಾಲನ್ನು ನಾನು ತುಳಿದದ್ದು ನೆನಪಾಗಿ ಅಲ್ಲೇ ಬಾವಿಕಟ್ಟೆಯ ಮೇಲೆ ಕೂತುಬಿಟ್ಟೆ.

ಮರುದಿನ ಮೇಲಿನವರಿಗೆ ಬರೆದೆ. ಪಟ್ಟಿಯಲ್ಲಿ ತಪ್ಪಾಗಿದೆ, ತಪ್ಪು ನನ್ನದು, ಅಲ್ಲೊಂದು ಸಮಾಧಿ ಇದೆ, ಗೆರೆಯನ್ನು ಕೊಂಚ ಸರಿಸಲು ಬರುತ್ತದೆಯೋ ನೋಡಬೇಕು ಎಂದು. ಎರಡು ಸಲ ಹೋಗಿ ಎದುರು ನಿಂತು ಕೇಳಿದೆ. ತಕರಾರು ಹೇಳುವ ಅವಧಿ ಮುಗಿದಿದೆ, ಒಂದು ಕಡೆ ಸರಿಸಿದರೆ ಹಿಂದಿನದು ಮುಂದಿನದು ಎಲ್ಲ ಸರಿಸಬೇಕಾಗುತ್ತದೆ, ಬೇಕಾದರೆ ಅವಶೇಷವನ್ನು ಮರ್ಯಾದೆಯಿಂದ ಬೇರೆ ಕಡೆ ಒಯ್ಯಲು ಅನುಕೂಲ ಮಾಡಿಕೊಡುತ್ತೇವೆ ಎಂದರು. ಕೆಟ್ಟವರಲ್ಲ. ಅವರ ಕುರ್ಚಿಯಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಮೊದಲೇ ಬರೆದಿದ್ದರೆ ಏನಾದರೂ ಆಗುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಕೇಳುವುದಕ್ಕೆ ಒಂದು ದಾರಿಯಾದರೂ ಇರುತ್ತಿತ್ತು. ಆ ದಾರಿಯನ್ನು ಮುಚ್ಚಿದವನು ನಾನು.

ಇದನ್ನು ಆಯಿಗೆ ಹೇಳುವುದೂ ನನ್ನ ಪಾಲಿಗೇ ಬಂತು. ಸಂಜೆಯ ಮೊದಲು ಹೋಗಿ, ನಿಂತುಕೊಂಡೇ ಹೇಳಿದೆ. ಬೇರೆ ಕಡೆ ಒಯ್ಯಬಹುದು ಎಂಬುದನ್ನೂ ಹೇಳಿದೆ.

"ಎಬ್ಬಸೂದ ಬ್ಯಾಡ್ರಿ," ಎಂದಳು. "ಮಣ್ಣಿಗಿ ಕೊಟ್ಟೀವಿ. ಕೊಟ್ಟಿದ್ದು ತಿರುಗಿ ಕೇಳಬಾರದು."

ಅಳಲಿಲ್ಲ. ಆಮೇಲೆ, "ನಂದೊಂದ ಕೆಲಸ ಮಾಡ್ರಿ," ಎಂದಳು. "ರಸ್ತಾ ಆತಂದ್ರ ಎಲ್ಲಾ ಒಂದ ಸಮ ಆಗ್ತದ. ಅವರು ಎಲ್ಲಿ ಅದಾರ ಅಂತ ನನಗ ತಿಳಿಯಂಗಿಲ್ಲ. ಅಳದ ಕೊಡ್ರಿ."

ಬಾವಿ ರಸ್ತೆಯ ಗೆರೆಯಿಂದ ಹೊರಗೆ ಉಳಿಯುತ್ತಿತ್ತು. ಬಾವಿಯ ಮೂಲೆಗಲ್ಲಿನಿಂದ ಟೇಪು ಹಿಡಿದು ಅಳೆದು ಮೀಟರು ಹೇಳಿದೆ. ಚೀಟಿಯಲ್ಲಿ ಬರೆದೂ ಕೊಟ್ಟೆ. ಆಯಿ ಚೀಟಿಯನ್ನು ಮಡಚಿ ನನ್ನ ಕೈಗೇ ಕೊಟ್ಟಳು.

"ಇದು ನನಗೇನ ತಿಳಿತದ್ರಿ. ಹೆಜ್ಜಿ ಎಷ್ಟ ಹೇಳ್ರಿ."

ಹೆಜ್ಜೆಯನ್ನು ಆಕೆಯೇ ಹಾಕಬೇಕಾಯಿತು. ಬಾವಿಯ ಕಲ್ಲಿಗೆ ಹಿಮ್ಮಡಿ ತಾಗಿಸಿ ನಿಂತು, ನಾನು ತೋರಿಸಿದ ಕಡೆಗೆ ಮುಖ ಮಾಡಿ, ಗಟ್ಟಿಯಾಗಿ ಎಣಿಸುತ್ತ ನಡೆದಳು. ಆಕೆಗೆ ಇಪ್ಪತ್ತರವರೆಗೆ ಎಣಿಸಲು ಬರುತ್ತಿತ್ತು. ಇಪ್ಪತ್ತಾದ ಕೂಡಲೇ ಒಂದು ಬೆರಳು ಮಡಚಿ ಮತ್ತೆ ಒಂದರಿಂದ ಶುರು ಮಾಡುತ್ತಿದ್ದಳು. ಗರಿಕೆಯ ಅಂಚಿನಲ್ಲಿ ನಿಂತು, "ಎರಡ ಇಪ್ಪತ್ತ, ಮ್ಯಾಲ ಆರು," ಎಂದಳು. "ಇದು ರಸ್ತಾದ ಯಾವ ಕಡಿ ಬರ್ತದ್ರಿ?"

"ನಟ್ಟನಡುವ ಬರ್ತದ ಆಯಿ."

ಆಕೆ ಎರಡೂ ಬದಿಗೆ ಒಮ್ಮೆ ನೋಡಿದಳು. ಗಾಡಿಗಳು ಹಾಯುವುದನ್ನು ಆಗಲೇ ಕಾಣುತ್ತಿದ್ದಳೋ ಏನೋ. "ಈಗ ನೀವ ಹಾಕ್ರಿ," ಎಂದಳು.

ಬಾವಿಗೆ ಹೋಗಿ ಅಲ್ಲಿಂದ ನಡೆದು ಬಂದೆ. ನನಗೆ ಮೂವತ್ತೊಂದು ಬಂತು.

"ನಿಮ್ದು ಬ್ಯಾರೆ ಬಂತಲ್ರಿ. ನನ್ನಂಗ ಹಾಕ್ರಿ."

ಹೆಜ್ಜೆ ಸಣ್ಣದು ಮಾಡಿಕೊಂಡು ಮತ್ತೆ ನಡೆದೆ. ನಲವತ್ತು ಬಂತು. ಇಷ್ಟು ವರ್ಷ ನೆಲ ಅಳೆದವನಿಗೆ ಒಬ್ಬ ಮುದುಕಿಯ ಹೆಜ್ಜೆ ಹಾಕಲು ಬರಲಿಲ್ಲ. ಮೂರನೆಯ ಸಲ ಆಯಿ ನನ್ನ ಪಕ್ಕದಲ್ಲೇ ಬಂದಳು. ಆಕೆಯ ಕಾಲು ನೋಡಿಕೊಂಡು ನನ್ನ ಕಾಲು ಎತ್ತಿಟ್ಟೆ. ಇಬ್ಬರೂ ಗಟ್ಟಿಯಾಗಿ ಎಣಿಸಿದೆವು. ಇಪ್ಪತ್ತಕ್ಕೆ ಆಕೆ ಬೆರಳು ಮಡಚಿದಾಗ ನಾನೂ ಮಡಚಿದೆ. ಎರಡು ಇಪ್ಪತ್ತು, ಮೇಲೆ ಆರಕ್ಕೆ ಇಬ್ಬರ ಕಾಲೂ ಒಟ್ಟಿಗೆ ಹುಲ್ಲಿನ ಅಂಚಿಗೆ ಬಂದು ನಿಂತವು.

"ಸಾಕ್ರಿ," ಎಂದಳು ಆಯಿ. "ಈಗ ಇಬ್ಬರಿಗಿ ಗೊತ್ತಾತು."