ಭಂಡಾರದ ಎರಡು ಬೊಟ್ಟು, ಈರಣ್ಣನ ಇಂಜಿನ್ನು

ಬೆಳಿಗ್ಗೆ ಏಳಕ್ಕೆ ಈರಣ್ಣನ ನಂಬರಿನಿಂದ ಫೋನ್ ಬಂತು.
"ಏನಪಾ, ಮತ್ತ ಯಾವ ನಟ್ ಸಡ್ಲ ಆತು?" ಎನ್ನುತ್ತಲೇ ಎತ್ತಿದೆ...
ಆ ಕಡೆ ಅವನ ಹೆಂಡತಿ ಸುವರ್ಣಾ ವೈನಿ. ಅಳುತ್ತಿದ್ದರು.
ನಿದ್ದೆಯಲ್ಲೇ ಅವನ ಹಾರ್ಟ್ ನಿಂತಿದೆಯಂತೆ...

ಇನ್ನೂ ನಂಬಿಕೆ ಬರುತ್ತಿಲ್ಲ.
ನಿನ್ನೆ ಸಂಜೆ ಆಫೀಸಿನ ಮುಂದೆ ಚುರುಮುರಿ ತಿನ್ನುತ್ತ ನನ್ನ ಬೈಕಿನ ಸೈಲೆನ್ಸರ್‌ಗೆ ಹೆಸರಿಟ್ಟು ನಕ್ಕು ಹೋದ ಮನುಷ್ಯ!

ಗೊತ್ತಿಲ್ಲದವರಿಗೆ ಹೇಳುತ್ತೇನೆ...
ನಾವಿಬ್ಬರೂ ಸವದತ್ತಿಯ ಸರ್ವೇ ಆಫೀಸಿನಲ್ಲಿ ಹದಿನೆಂಟು ವರ್ಷ ಕೂಡಿ ಕೆಲಸ ಮಾಡಿದವರು.
ಹೊಲ ಅಳೆಯುವುದು, ಗಡಿಕಲ್ಲು ಹುಡುಕುವುದು ನಮ್ಮ ಉದ್ಯೋಗ.
ಆದರೆ ಅವನ ಜೀವ ಇದ್ದದ್ದು ಮನೆಯಂಗಳದ ಹಳೇ ಕೆಂಪು ಕಾರಿನಲ್ಲಿ.

ಎಲ್ಲಮ್ಮನ ಗುಡ್ಡ ಏರುವಾಗ ಆ ಕಾರಿಗೆ ಉಬ್ಬಸ...
ಅರ್ಧ ದಾರಿಗೆ ವೈನಿ ಹೋಳಿಗೆ ಬುಟ್ಟಿ ಸಮೇತ ಇಳಿದು ನಡೆಯಬೇಕು.
ಒಂದು ಹುಣ್ಣಿಮೆಗೆ ಅವರು ಹೇಳಿಯೇ ಬಿಟ್ಟರು.
"ನಾ ಇನ್ನ ಬಸ್ಸಿಗೇ ಬರತೇನಿ. ನೀವು ನಿಮ್ಮ ಗಾಡಿ ದೂಕ್ಕೋತ ಬರ್ರಿ."

ಈರಣ್ಣನಿಗೆ ಅದು ಮರ್ಯಾದೆಯ ಪ್ರಶ್ನೆಯಾಯಿತು.
ವಾರಗಟ್ಟಲೆ ಯೂಟ್ಯೂಬ್ ನೋಡಿದ...
ಕೊಯಮತ್ತೂರಿನಿಂದ ಕುರಿಯರ್‌ನಲ್ಲಿ ಎರಡು ಹೊಸ ಕ್ಯಾಮ್‌ಶಾಫ್ಟ್ ತರಿಸಿದ. ಹುಬ್ಬಳ್ಳಿಯ ಗುಜರಿಯಲ್ಲಿ ದೊಡ್ಡದೊಂದು ಇನ್‌ಟೇಕ್ ಮ್ಯಾನಿಫೋಲ್ಡ್ ಹುಡುಕಿದ.
"ಈ ಮ್ಯಾನಿಫೋಲ್ಡ್ ಗಾಳಿ ಒಳಗ ಬಿಡೂ ಕೊಳವಿ. ಆ ಕ್ಯಾಮ್ ಬಾಗ್ಲಾ ತಗಿಯೂದು. ಬಾಗ್ಲಾ ಹೆಚ್ಚ ತಗದ್ರ ಗಾಳಿ ಹೆಚ್ಚ, ಗಾಳಿ ಹೆಚ್ಚಾದ್ರ ದಮ್ಮು ಹೆಚ್ಚ. ತಿಳೀತೋ ಇಲ್ಲೋ ಬಸ್ಯಾ?"
ತಿಳಿದಿರಲಿಲ್ಲ. ತಲೆ ಅಲ್ಲಾಡಿಸಿದೆ.

ಫಿಟಿಂಗ್ ಇಟ್ಟುಕೊಂಡದ್ದು ಖಂಡೇ ಪೂಜೆಯ ದಿನ, ಅಂದರೆ ಆಯುಧಪೂಜೆ. ರಜೆ ಇತ್ತಲ್ಲ...
ಎರಡೂ ಕ್ಯಾಮಿನ ತುದಿಯ ಹಲ್ಲಿನ ಗಾಲಿಗಳನ್ನು ಸರಿಯಾದ ಜಾಗಕ್ಕೆ ತಿರುಗಿಸಿ, ಗುರುತು ಮಾಡಿ, ಆಮೇಲೆ ಬೆಲ್ಟ್ ಹಾಕಬೇಕು.
ಒಂದು ಹಲ್ಲು ಆಚೀಚೆ ಆದರೂ ಇಂಜಿನ್ ಕೆಮ್ಮುತ್ತದೆ.
ಗುರುತಿಗೆ ಬಣ್ಣ ಬೇಕು, ಪೇಂಟಿನ ಅಂಗಡಿ ಬಂದ್.
ಈರಣ್ಣ ದೇವರ ಜಗಲಿಯಿಂದ ಚಿಟಿಕೆ ಭಂಡಾರ, ಅದೇ ಎಲ್ಲಮ್ಮನ ಅರಿಸಿನ ಪುಡಿ, ತಂದು, ಎಣ್ಣೆಯಲ್ಲಿ ಕಲಸಿ, ಒಂದೊಂದು ಗಾಲಿಗೆ ಒಂದೊಂದು ಹಳದಿ ಬೊಟ್ಟು ಇಟ್ಟ.
ಉಣ್ಣಲು ಒಳಗೆ ಹೋದೆವು.

ಅಷ್ಟರಲ್ಲಿ ಅವನ ಅವ್ವ ಪೂಜೆಯ ತಾಟು ಹಿಡಿದು ಅಂಗಳಕ್ಕೆ ಬಂದರು...
ಕುಡಗೋಲು, ಸಲಿಕೆ, ನಮ್ಮ ಅಳತೆಯ ಸರಪಳಿ, ಎಲ್ಲಕ್ಕೂ ಭಂಡಾರ ಹಚ್ಚಿದರು.
ಬಾಯಿ ತೆರೆದು ಕುಳಿತಿದ್ದ ಇಂಜಿನ್ನಿಗಂತೂ ಐದೂ ಬೆರಳಿನಿಂದ ಧಾರಾಳವಾಗಿ ಹಚ್ಚಿ ಹೋದರು!

ಕೈ ತೊಳೆದು ಮೊದಲು ಹೊರಗೆ ಬಂದವನು ನಾನು.
ಎಲ್ಲಿ ನೋಡಿದರೂ ಹಳದಿ...
ಪುಡಿ ಒಳಗೆ ಬಿದ್ದರೆ ಗತಿಯೇನು ಎಂದು ಗಾಬರಿಯಾಗಿ ಕರ್ಚೀಫಿನಿಂದ ಎಲ್ಲ ಒರೆಸಿಬಿಟ್ಟೆ. ಗುರುತೂ ಹೋಯಿತು, ಒಂದು ಗಾಲಿ ತುಸು ತಿರುಗಿಯೂ ಬಿಟ್ಟಿತು.
ಅಂದಾಜಿನ ಮೇಲೆ ಮತ್ತೆರಡು ಬೊಟ್ಟು ಇಟ್ಟು, ಏನೂ ಅರಿಯದವನಂತೆ ನಿಂತೆ.
ಊರವರ ಗಡಿಕಲ್ಲು ಹುಡುಕಿಕೊಡುವ ಸರ್ವೇಯರ್ ಮಾಡುವ ಕೆಲಸವೇ ಇದು?

ಈರಣ್ಣಾ... ಇದನ್ನು ನಾನು ನಿನಗೆ ಹೇಳಲೇ ಇಲ್ಲ.

ನೀನು ಆ ಬೊಟ್ಟು ನೋಡಿಯೇ ಬೆಲ್ಟ್ ಹಾಕಿ ಸ್ಟಾರ್ಟ್ ಮಾಡಿದೆ. ಕೆಮ್ಮಿತು. ಢಬ್ ಎಂದಿತು. ಓಣಿಯ ನಾಯಿಗಳೆಲ್ಲ ಪರಾರಿ!
"ಮ್ಯಾನಿಫೋಲ್ಡ್ ಗ್ಯಾಸ್ಕೆಟ್‌ನಾಗ ಗಾಳಿ ಸೋರಾಕ್ಹತ್ತೇತಿ" ಎಂದು ನೀನು ತೀರ್ಪು ಕೊಟ್ಟೆ.

ಮರುದಿನ ದಸರಾ. ಹೇಳಿಯೇ ಬಿಡಬೇಕೆಂದು ಬನ್ನಿ ಎಲೆ ಹಿಡಿದು ನಿನ್ನ ಮನೆಗೆ ಬಂದೆ...
"ಬಂಗಾರ ತಗೊಂಡು ಬಂಗಾರದಂಗ ಇರೂಣು" ಎಂದು ನೀನು ತಬ್ಬಿಕೊಂಡೆ.
ಬನ್ನಿ ಕೊಟ್ಟು ಹಾಗೇ ತಿರುಗಿ ಬಂದೆ.

ನಾಲ್ಕು ಸಂಜೆ ನೀನು ಮ್ಯಾನಿಫೋಲ್ಡ್ ಬಿಚ್ಚಿದೆ, ಮತ್ತೆ ಕೂಡಿಸಿದೆ...
ನಾನು ಎದುರಿಗೆ ಕುಳಿತು ನಟ್ ಬಿಚ್ಚುವ ಪಾನಾ ಕೊಡುತ್ತಿದ್ದೆ.
"ಏನ್ ತಪ್ಪೇತಿ ಅಂತೀ ಬಸ್ಯಾ?" ದಿನಾ ನಿನ್ನ ಪ್ರಶ್ನೆ.
"ಏನೋಪಾ..." ದಿನಾ ನನ್ನ ಉತ್ತರ.

ಐದನೆಯ ಸಂಜೆ ನೀನೇ ಬೆಲ್ಟ್ ತೆಗೆದು ಗಾಲಿ ಒಂದು ಹಲ್ಲು ಸರಿಸಿದೆ. ಇಂಜಿನ್ ಗುರ್ರೆಂದು ಎದ್ದಿತು!
"ನಂದ ಕೈ ತಪ್ಪಿತ್ತು ಬಿಡಪಾ" ಎಂದು ನಗುತ್ತ ತಪ್ಪನ್ನು ನಿನ್ನ ಮೇಲೇ ಹಾಕಿಕೊಂಡೆ.
ನಾನು ಪಾನಾ ಒರೆಸಿ ಡಬ್ಬಿಗೆ ಹಾಕಿದೆ. ನಾಚಿಕೆಗೇಡಿ ನಾನು.

ಆ ಭಾನುವಾರ ಗುಡ್ಡ ಏರಿದೆವು.
ಮುಂದಿನ ಸೀಟಿನಲ್ಲಿ ವೈನಿ, ಹಿಂದೆ ಅವ್ವ ಮತ್ತು ನಾನು. ಮೂರನೇ ಗೇರ್!
ಬಸ್ಸೊಂದನ್ನು ಓವರ್‌ಟೇಕ್ ಮಾಡಿ ಅದರ ಡ್ರೈವರ್‌ಗೆ ನಮಸ್ಕಾರ ಬೇರೆ ಮಾಡಿದೆ ನೀನು.
"ರಸ್ತಾ ನೋಡ್ರಿ, ಹಳ್ಳಕ್ಕ ಒಯ್ದ ಹಾಕೀರಿ!" ಎಂದು ಬೈಯುತ್ತಲೇ ವೈನಿ ನಗುತ್ತಿದ್ದರು.
ನಿನ್ನನ್ನು ಅಷ್ಟು ಖುಷಿಯಾಗಿ ನಾನು ಎಂದೂ ಕಂಡಿರಲಿಲ್ಲ.

ಇವತ್ತು ವೈನಿ ಅದೇ ಕಾರಿನ ಕೀ ನನ್ನ ಕೈಗಿಟ್ಟರು.
"ಬಸಣ್ಣಾರ, ರಾಮದುರ್ಗದಿಂದ ಅವ್ರ ಅಕ್ಕಾರು ಬರಾಕ್ಹತ್ತ್ಯಾರ. ಸ್ಟ್ಯಾಂಡಿಗೆ ಹೋಗಿ ಕರ್ಕೊಂಡ ಬರ್ರಿ."
ಕೀ ಕೈಗೆ ಬಂದದ್ದೇ ತಡ, ಎಲ್ಲ ಹೇಳಿಬಿಟ್ಟೆ... ಭಂಡಾರ, ಕರ್ಚೀಫು, ಅಂದಾಜಿನ ಬೊಟ್ಟು, ಎಲ್ಲ.

ವೈನಿ ಸೆರಗಿನಿಂದ ಕಣ್ಣೊರೆಸಿಕೊಂಡು, ಅಳುವಿನ ನಡುವೆಯೇ ನಕ್ಕರು.
"ಅವ್ರಿಗೆ ಅವತ್ತ ಗೊತ್ತಾಗಿತ್ರೀ. ನಿಮ್ಮ ಕರ್ಚೀಪ ಹಳದಿ ಆಗಿತ್ತಂತ. ಗೊತ್ತಿದ್ದೂ ದಿನಾ ಅದನ್ನ ಯಾಕ ಬಿಚ್ಚತೀರಿ ಅಂತ ನಾ ಕೇಳಿದೆ. 'ಬಸ್ಯಾ ತಾನ ಹೇಳ್ಲಿ ತಡಿ. ನಾ ಹೇಳಿದ್ರ ನಾಚ್ಕೊಂಡು ನಾಳಿಂದ ಬರೂದಿಲ್ಲ ಅಂವ' ಅಂದ್ರು."

ನಾಲ್ಕು ಸಂಜೆ, ಈರಣ್ಣಾ!
ನನ್ನ ಬಾಯಿಂದ ಒಂದು ಮಾತು ಬರಲೆಂದು ನಾಲ್ಕು ಸಂಜೆ ಮ್ಯಾನಿಫೋಲ್ಡ್ ಬಿಚ್ಚಿದೆಯಾ, ಮಾರಾಯಾ...

ಗೆಳೆಯರೇ, ಸಂಜೆ ನಾಲ್ಕಕ್ಕೆ ಚಚಡಿ ಊರಿನ ಅವರ ಹೊಲದಲ್ಲಿ ಈರಣ್ಣನ ಮಣ್ಣು. ಬರುವವರು ತಡ ಮಾಡಬೇಡಿ.
ಕಾರು ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯಿತು. ಅಕ್ಕನನ್ನು ಕರೆತಂದಿದ್ದೇನೆ.

ತಗೋ ದೋಸ್ತಾ, ಊರೆಲ್ಲ ಓದುವ ಹಾಗೆ ಬರೆದಿದ್ದೇನೆ. ಒರೆಸಿದವನು ನಾನೇ.
ನಾಚಿಕೊಂಡು ತಪ್ಪಿಸುವುದಿಲ್ಲ... ನಾಳೆಯೂ ನಿನ್ನ ಅಂಗಳಕ್ಕೆ ಬರುತ್ತೇನೆ.

ನಿನ್ನ ಜೀವ ತಣ್ಣಗಿರಲಿ.
ಹೋದಲ್ಲಿ ಬಂಗಾರದಂಗ ಇರು, ಈರಣ್ಣಾ... 🙏