ರೈಲಿನ ಸದ್ದು ತಡೆಯದ ಹೆಡ್‌ಫೋನ್

ಸ್ನೇಹಿತರೇ, ಇವತ್ತು ಕೋಪರಖೈರಣೆ ಸ್ಟೇಷನ್ ಪಕ್ಕದ ಅಂಗಡಿಯೊಂದರಲ್ಲಿ ಎರಡು ಸಾವಿರದೊಳಗಿನ ಮೂರು ಹೆಡ್‌ಫೋನುಗಳನ್ನು ಬೈದು ಪಕ್ಕಕ್ಕಿಟ್ಟೆ.

"ಅಂಕಲ್, ಕ್ಲೋಸ್ಡ್ ಬ್ಯಾಕ್ ಹೈ. ಬಾಹರ್ ಕಾ ಆವಾಜ್ ಆಯೇಗಾ ಹೀ ನಹೀ" ಎಂದ ಅಂಗಡಿಯವನು. ಹೊರಗಿನ ಸದ್ದು ಒಳಗೆ ಬರುವುದೇ ಇಲ್ಲವಂತೆ. ಗುಡುಗುವಂಥ ಬೇಸ್ ಇದೆಯಂತೆ, ಸೌಂಡ್‌ಸ್ಟೇಜೂ ಇದೆಯಂತೆ. ಹಾಗೆಂದರೆ ಯಾರು ಎಲ್ಲಿ ಕೂತು ಹಾಡುತ್ತಿದ್ದಾರೆಂದು ಗೊತ್ತಾಗುವುದಂತೆ.

ನಾನು ಮೊಬೈಲಿನಲ್ಲಿ ಹಾಕಿದ್ದು ಅಪ್ಪನ ಭಜನೆ. ಹಿಂದೆ ಕಳವಾ ಎಂಬಲ್ಲಿದ್ದ ನಮ್ಮ ಒಂದೇ ಕೋಣೆಯ ಮನೆಯಲ್ಲಿ ಅಪ್ಪ ಹಾಡಿ ತುಂಬಿಸಿದ್ದ ಕ್ಯಾಸೆಟ್ಟನ್ನು ಅಣ್ಣ ಮೊನ್ನೆ ಫೈಲ್ ಮಾಡಿ ಕಳಿಸಿದ್ದ. ಒಳ್ಳೆಯ ಹೆಡ್‌ಫೋನಿನಲ್ಲೇ ಕೇಳೋಣವೆಂದು ಇಟ್ಟುಕೊಂಡಿದ್ದೆ. ಮೂರರಲ್ಲೂ ಎರಡನೇ ಸಾಲಿಗೇ ಲೋಕಲ್ ರೈಲು ಧಡಧಡ ಎಂದಿತು.

"ಸ್ಟೇಷನ್ನಿನ ಸದ್ದೆಲ್ಲ ಒಳಗೇ ಬರ್ತಾ ಉಂಟು. ಇದೆಂಥ ಕ್ಲೋಸ್ಡ್?" ಎಂದು ಜೊತೆಗೆ ಬಂದಿದ್ದ ಮಗಳಿಗೆ ದೂರಿದೆ.

ಅವಳು ಹೆಡ್‌ಫೋನ್ ಕಸಿದು ತಾನೇ ಕೇಳಿದಳು. "ಪಪ್ಪಾ, ಟ್ರೈನ್ ರೆಕಾರ್ಡಿಂಗ್ ಕೆ ಅಂದರ್ ಹೈ!"

ಮತ್ತೆ ಕೇಳಿದೆ. ಹೌದು, ರೈಲು ಇದ್ದದ್ದು ಕ್ಯಾಸೆಟ್ಟಿನೊಳಗೇ. ಆ ಮನೆಯ ಹಿಂದೆಯೇ ಹಳಿ. ರೈಲು ಬಂದರೆ ನಾವೆಲ್ಲ ಮಾತನ್ನು ಅರ್ಧಕ್ಕೇ ನಿಲ್ಲಿಸಿ, ಅದು ಹೋದ ಮೇಲೆ ಅಲ್ಲಿಂದಲೇ ಮುಂದುವರಿಸುತ್ತಿದ್ದೆವು. ಭಜನೆಯಲ್ಲಿ ಅಪ್ಪನೂ ಹಾಗೇ ನಿಲ್ಲಿಸಿದ್ದರು. ಒಲೆಯ ಕಡೆಯಿಂದ ಅಮ್ಮನ ಸ್ವರ: "ಇದೊಂದು ಹೋಗ್ಲಿ ಮಾರಾಯ್ರೆ, ಮತ್ತೆ ಹೇಳಿ." ರೈಲು ಹೋಯಿತು. ಅಪ್ಪ ಬಿಟ್ಟಲ್ಲಿಂದಲೇ ಎತ್ತಿಕೊಂಡರು.

ಬೈದಿಟ್ಟ ಮೂರನ್ನೂ ಮತ್ತೆ ಕೇಳಿ, ಯಾವುದರಲ್ಲಿ ರೈಲು ಎಲ್ಲಕ್ಕಿಂತ ಜೋರಾಗಿ ಬಂತೋ ಅದನ್ನೇ ಕೊಂಡೆ.

"ಬೇಸ್ ಚೆಕ್ ನಹೀ ಕರೋಗೇ, ಅಂಕಲ್?" ಎಂದ ಅಂಗಡಿಯವನು.

ಅಟ್ಟದ ಮೇಲಿನ ಪಾತ್ರೆಗಳನ್ನೆಲ್ಲ ನಡುಗಿಸುತ್ತಿದ್ದ ರೈಲು ಮಾರಾಯ್ರೆ ಅದು. ಇನ್ನೆಂಥ ಬೇಸ್ ಚೆಕ್ ಮಾಡುವುದು!