ಶಿಲೀಂಧ್ರ ಸ್ವಾಮಿ

ದೇವರಿಗೆ ದೀಪ ಹಚ್ಚುವ ಹೊತ್ತಿಗೇ ನಮ್ಮ ರೇಡಿಯೋವೂ ಬಾಯಿ ಬಿಡುತ್ತಿದ್ದುದರಿಂದ, ನಾವು ಮುಗಿದ ಕೈ ಯಾರಿಗೆ ಸಲ್ಲಿತೆಂಬುದನ್ನು ನಾನು ಭಗವಂತನ ವಿವೇಚನೆಗೇ ಬಿಟ್ಟಿದ್ದೆ. ಇಲ್ಲದಿದ್ದರೆ ನಮ್ಮತ್ತೆ ಒಂದು ಇಡೀ ಭಾಷಣದುದ್ದಕ್ಕೂ ಕೈಮುಗಿದು ಕುಳಿತ ಪುಣ್ಯ ಎಲ್ಲಿಗೆ ಹೋಗಬೇಕು, ನೀವೇ ಹೇಳಿ.

ನಮ್ಮ ಮನೆಯವರು ಸಾಗರದ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು. ಎಪ್ಪತ್ತರ ದಶಕದಲ್ಲಿ ರೇಡಿಯೋದವರು ಅವರಿಂದ ಎರಡು ಭಾಷಣ ಬಯಸಿದರು. ನಾಡೆಲ್ಲ ಕೇಳುತ್ತದೆಂಬ ಹಿಗ್ಗಿಗಿಂತ, ತಾನೇನು ಓದಿದೆನೆಂದು ತಾಯಿಗೊಮ್ಮೆ ತಿಳಿಯಲಿ ಎಂಬ ಆಸೆಯೇ ಅವರಿಗೆ ದೊಡ್ಡದು. ಏಕೆಂದರೆ ಅತ್ತೆ ರಿಪ್ಪನ್‌ಪೇಟೆಯಲ್ಲೆಲ್ಲ, "ನಮ್ಮ ಹುಡುಗ ಗಿಡಕ್ಕೆ ಪಾಠ ಹೇಳ್ತಾನೆ" ಎಂದು ಸಾರಿಬಿಟ್ಟಿದ್ದರು. ಮೊದಲನೆಯದನ್ನು ಇವರು ಮುಂಚೆಯೇ ಹೋಗಿ ರೆಕಾರ್ಡ್ ಮಾಡಿಸಿ ಬಂದಿದ್ದರು; ಅದು ಪ್ರಸಾರವಾಗುವ ದಿನ ಅತ್ತೆಯನ್ನು ಬಸ್ಸಿನಲ್ಲಿ ಕರೆತಂದೆವು.

"ಶಿಲೀಂಧ್ರವು ಸರ್ವವ್ಯಾಪಿ," ಎಂದಿತು ರೇಡಿಯೋದಲ್ಲಿ ಇವರ ಧ್ವನಿ. "ಕಣ್ಣಿಗೆ ಅಗೋಚರವಾಗಿ ನಮ್ಮ ಉಸಿರಿನಲ್ಲೂ ನೆಲೆಸಿದೆ."

ಅತ್ತೆ ಸೆರಗು ಹೊದ್ದು ಕೈಮುಗಿದರು. ಪಕ್ಕದ ಮನೆಯ ಶಾರದಕ್ಕನೂ ಮುಗಿದಳು. ಸುಳ್ಳೇಕೆ, ನಾನೂ ಮುಗಿದೆ.

ಭಾಷಣ ಮುಗಿದ ಮೇಲೆ ಅತ್ತೆ ಕಣ್ಣೊರೆಸಿಕೊಂಡು ಮಗನಿಗೆ, "ಚೆನ್ನಾಗಿ ಹೇಳ್ದೆ ಮಗಾ. ಗುಡಿ ಎಲ್ಲಿರದು?" ಎಂದರು.

"ಯಾರ ಗುಡಿ ಅಮ್ಮಾ?"

"ಅದೇ, ಶಿಲೀಂದ್ರ ಸ್ವಾಮಿದು."

"ತೀರ್ಥಹಳ್ಳಿ ಕಡೆ ಇರ್ಬೇಕು," ಎಂದಳು ಶಾರದಕ್ಕ. "ಹಳೇ ದೇವ್ರೆಲ್ಲ ಆ ಕಡೇನೇ."

"ಅಯ್ಯೋ, ಅದು ಬೂಷ್ಟು ಕಣಮ್ಮಾ! ಉಪ್ಪಿನಕಾಯಿ ಮೇಲೆ ಬರ್ತದಲ್ಲ, ಅದು!"

"ಥೂ! ಬೂಷ್ಟಿಗೆ ಕೈಮುಗಿಸಿದ್ಯನಾ?"

ವಿದ್ಯೆಯು ಗಾಳಿಯಲ್ಲಿ ತೇಲಿ ಮನೆಮನೆಗೂ ಬರುವುದೇನೋ ಸರಿ. ಚಪ್ಪಲಿ ಕಳಚದೆ ಹೊಸ್ತಿಲಲ್ಲೇ ನಿಂತುಬಿಟ್ಟರೆ ಒಳಗಿನವರೇನು ಮಾಡಬೇಕು? ಇನ್ನೊಂದು ಭಾಷಣಕ್ಕೆ ಹೋಗುವುದೇ ಇಲ್ಲ ಎಂದು ಇವರು ಮುಖ ತಿರುಗಿಸಿದರು.

"ಬೂಷ್ಟು ಅಂತಲೇ ಹೇಳಿ," ಎಂದೆ.

"ಸ್ಟಾಫ್ ರೂಮಲ್ಲಿ ನಗ್ತಾರೆ ಕಣೇ."

"ಇಲ್ಲಿ ಕೈಮುಗಿದಾಯ್ತಲ್ಲ."

ದೇವರು ದೊಡ್ಡವನು, ರೆಕಾರ್ಡಿಂಗಿಗೆ ಹೋಗಿಬಂದರು. ಎರಡನೆಯ ಭಾಷಣ, "ತಾಯಂದಿರೇ, ಉಪ್ಪಿನಕಾಯಿಗೆ ಬೂಷ್ಟು ಏಕೆ ಹಿಡಿಯುತ್ತದೆ?" ಎಂದೇ ಆರಂಭವಾಯಿತು. ಅತ್ತೆ ಗಲ್ಲಕ್ಕೆ ಕೈಯೂರಿ, "ಉಪ್ಪು ಕಮ್ಮಿಯಾದ್ರೆ ಮತ್ತೆಂತ ಆಗ್ತದೆ?" ಎಂದು ರೇಡಿಯೋಕ್ಕೆ ಎದುರುತ್ತರ ಕೊಡುತ್ತ ಕೊನೆತನಕ ಕೇಳಿದರು. ಇವರು ತಾಯಿಯ ಮುಖವನ್ನೇ ನೋಡುತ್ತಿದ್ದರು.

"ಇಷ್ಟೇನನಾ?" ಎಂದರು ಅತ್ತೆ. "ಇದನ್ನ ಕಲಿಯಕ್ಕೆ ಮೈಸೂರಿಗೆ ಹೋಗ್ಬೇಕಿತ್ತಾ? ಎಲ್ಲಾ ಅರ್ಥ ಆಯ್ತು ನಂಗೆ."

ಡಿಗ್ರಿ ಬಂದ ದಿನವೂ ಅಷ್ಟು ಹಿಗ್ಗದ ನಮ್ಮ ಮನೆಯವರು, ಅಂದು ಊಟಕ್ಕೆ ತಾಯಿಯ ಪಕ್ಕದಲ್ಲೇ ಮಣೆ ಹಾಕಿಸಿಕೊಂಡರು.